ಹಕ್ಕಿಗಳ ಇನ್ನೊಂದು ಪ್ರತಿ

ಮೇಷ್ಟರು ರಜೆ ಸಿಕ್ಕಾಗಲೆಲ್ಲ ಕಾಡು, ಕೆರೆ ಅಲೆದು ಹಕ್ಕಿಗಳ ಕೂಗನ್ನು ಧ್ವನಿಮುದ್ರಿಸಿ ಕಂಪ್ಯೂಟರಿನಲ್ಲಿ ತುಂಬಿಟ್ಟಿದ್ದರು. ಈಗ ಕಿವಿ ಮಂದವಾಗಿತ್ತು. ಅಂಗಳದ ಹಕ್ಕಿ ಕೊಕ್ಕು ತೆರೆಯುವುದು ಕಾಣುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ. ಹೆಡ್‌ಫೋನ್ ಹಾಕಿ ಸದ್ದು ಪೂರ್ತಿ ಏರಿಸಿದರೆ ಆ ಹಳೆಯ ಕೂಗುಗಳಷ್ಟೇ ಕಿವಿಗೆ ಬೀಳುತ್ತಿದ್ದವು.

ಒಂದು ಬೆಳಿಗ್ಗೆ ಕಂಪ್ಯೂಟರ್ ಕಣ್ಣೇ ಬಿಡಲಿಲ್ಲ. ರಿಪೇರಿಯವನು ಬಿಚ್ಚಿ ನೋಡಿ, ಅವರಿಗೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿದ: "ಡಿಸ್ಕ್ ಕೈಕೊಟ್ಟಿದೆ ಸಾರ್. ಇದರಿಂದ ಏನೂ ವಾಪಸ್ ಬರಲ್ಲ. ಬೇರೆ ಕಡೆ ಕಾಪಿ ಇದೆಯಾ?"

"ಇಲ್ದೆ ಏನಪ್ಪಾ! ತಮ್ಮನ ಮನೇಲಿದೆ" ಎಂದರು ಮೇಷ್ಟರು. ಹೋದ ಜೀವ ಬಂದಂತಾಗಿತ್ತು. ತಾವಿರುವ ಮನೆಗೆ ಬೆಂಕಿ ಬಿದ್ದರೂ ಒಂದು ಪ್ರತಿ ಉಳಿಯಲೆಂದು ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಇಳಿಸಿ ತಮ್ಮನ ಕೈಗೆ ಕೊಟ್ಟಿದ್ದರು.

ತಮ್ಮನ ಮನೆಯ ತುಂಬ ಬೀಗರು ಕೂತಿದ್ದರು. ಅದೇ ಡಿಸ್ಕನ್ನು ಟೀವಿಗೆ ಸಿಕ್ಕಿಸಿ, ತಮ್ಮ ತನ್ನ ಮಗಳ ಮದುವೆಯ ವಿಡಿಯೋ ತೋರಿಸುತ್ತಿದ್ದ.

"ಅದರಲ್ಲಿದ್ದ ನನ್ನ ಹಕ್ಕಿಗಳು?"

"ಜಾಗ ಸಾಲಲಿಲ್ಲ ಅಣ್ಣ, ಅಳಿಸಿಬಿಟ್ಟೆ" ಎಂದು ತಮ್ಮ ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದ. "ಹಕ್ಕಿ ತಾನೇ? ಕಿಟಕಿ ತೆಗಿ, ಬೇಕಾದಷ್ಟು ಕೂಗ್ತಾವೆ."

ಮೇಷ್ಟರು ತಮ್ಮನ ತೋಳು ಹಿಡಿದರು. "ನನ್ನನ್ನ ಒಂದು ಮಾತು ಕೇಳಬಾರದಿತ್ತೇನೋ?"

"ಕೇಳಿದ್ರೆ ನಿನಗೆ ಕೇಳಿಸ್ಬೇಕಲ್ಲ!"

ಬೀಗರೆಲ್ಲ ಗೊಳ್ಳೆಂದು ನಕ್ಕರು. ತಮ್ಮನ ಹೆಂಡತಿ ಕುರ್ಚಿ ಎಳೆದು, "ಕೂತ್ಕೊಳ್ಳಿ ಬಾವ, ಮುಂದೆ ವಿಡಿಯೋದ ಊಟದ ಸಾಲಲ್ಲಿ ನೀವೂ ಕಾಣಿಸ್ತೀರಿ" ಎಂದಳು. ಅಣ್ಣನಿಗೂ ಕೇಳಲಿ ಎಂದು ತಮ್ಮ ವಾಲಗದ ಸದ್ದು ಏರಿಸಿದ. ಮೇಷ್ಟರು ಎದ್ದುಹೋಗಲಾರದೆ ಕೊನೆಯವರೆಗೂ ಕೂತು ನೋಡಿದರು.