ನನ್ನ ಎಂಜಲು ಬೇಕಿತ್ತು

ಸಹಾರಾ ಮರಳುಗಾಡಿನ ಅಂಚಿನ ದ್ರಾ ಕಣಿವೆಯ ತಿಗ್ಮಾನ್ ಊರಿನಲ್ಲಿ ಖರ್ಜೂರದ ಮರ ಹತ್ತುವವರು, ಕಾಲುವೆಯ ಹೂಳೆತ್ತುವವರು, ಹೆಣಕ್ಕೆ ಗುಂಡಿ ತೋಡುವವರು ಎಲ್ಲ ಕಪ್ಪು ಮೈಬಣ್ಣದ ಹರಾತೀನರೇ. ಕಾಲುವೆಯ ನೀರು ಯಾರ ತೋಟಕ್ಕೆಂದು ತೀರ್ಮಾನಿಸುವ ಪಂಚಾಯಿತಿಯಲ್ಲಿ ಮಾತ್ರ ಅವರಿಗೆ ಜಾಗವಿಲ್ಲ. ನಿಮ್ಮ ಅಜ್ಜಂದಿರನ್ನು ನಮ್ಮವರು ಮರಳುಗಾಡಿನಾಚೆಯಿಂದ ಗುಲಾಮರಾಗಿ ಕೊಂಡು ತಂದದ್ದು, ಹಾಗೆ ಬಂದವರಿಗೆ ನೀರಿನ ಉಸಾಬರಿ ಏಕೆ ಎಂದು ಊರ ಹಿರಿಯ ಮೌಲಾಯ್ ತೈಬ್ ನಗುತ್ತಲೇ ಬಾಯಿ ಮುಚ್ಚಿಸುತ್ತಿದ್ದ.

ಹರಾತೀನರ ಹೆಂಗಸು ಮಬರ್ಕಾಳಿಗೆ ಆ ನಗು ಕಂಡರೆ ಮೈ ಉರಿಯುತ್ತಿತ್ತು. ಹಿಂದಿನ ವರ್ಷ ರಾಜಧಾನಿ ರಬಾತ್‌ನಿಂದ ಡಾಕ್ಟರ್ ನಬೀಲ್ ಬಂದು, ಎಂಜಲಿನಲ್ಲಿರುವ ವಂಶವಾಹಿ ನೋಡಿ ಪೂರ್ವಿಕರು ಎಲ್ಲಿಂದ ನಡೆದು ಬಂದರೆಂದು ಹೇಳಬಹುದು ಎಂದಾಗ, ಅವನ ಕೊಳವೆಗೆ ಮೊದಲು ಉಗುಳಿದವಳು ಅವಳೇ. ಹಿಂದೇಟು ಹಾಕಿದವರ ಮನೆಮನೆಗೂ ಹೋಗಿ ಒಪ್ಪಿಸಿದಳು. ಅವನು ಅವಳ ಮನೆಯಲ್ಲಿ ಕುಸ್ಕುಸ್ ಉಂಡು, ಚಿಕ್ಕಮ್ಮ ಎಂದು ಕರೆದು, ಫಲಿತಾಂಶವನ್ನು ಊರೆದುರೇ ಹೇಳುತ್ತೇನೆಂದು ಮಾತು ಕೊಟ್ಟು ಹೋದ.

ಬಂದದ್ದೂ ನಿಜ. ಕಾಲುವೆಯ ಬಳಿ ಸಿಕ್ಕವಳಿಗೆ ಸಂಭ್ರಮದಿಂದ ತಿಳಿಸಿದ: ಅವಳ ತಾಯಿಯ ಕಡೆಯ ವಂಶದ ಬಳ್ಳಿ ಸಹಾರಾ ಇನ್ನೂ ಹಸಿರಾಗಿದ್ದ ಕಾಲದ್ದು, ಹುಲ್ಲು ಒಣಗಿದಾಗ ಆ ಜನ ನೀರು ಹುಡುಕುತ್ತ ಈ ಹೊಳೆಗೆ ಬಂದಿರಬೇಕು, ಆಗ ತೈಬನ ಮನೆತನದ ಹೆಸರೇ ಹುಟ್ಟಿರಲಿಲ್ಲ.

ಆದರೆ ಅವನು ಇಳಿದುಕೊಂಡದ್ದು ತೈಬನ ಮನೆಯಲ್ಲಿ. ಸಂಜೆ ಅಂಗಳದಲ್ಲಿ ಊರು ಸೇರಿದಾಗ, ನಾವೆಲ್ಲ ಬೆರೆತವರು, ಎಲ್ಲರೂ ಅಣ್ಣತಮ್ಮಂದಿರು ಎಂದಷ್ಟೇ ಹೇಳಿ ಚಹಾದ ಲೋಟ ಎತ್ತಿಕೊಂಡ.

ಹೆಂಗಸರ ಸಾಲಿನಿಂದ ಮಬರ್ಕಾ ಎದ್ದಳು. "ಕಾಲುವೆ ಹತ್ರ ಹೇಳಿದ್ದನ್ನ ಇಲ್ಲೂ ಹೇಳಪ್ಪ. ನನ್ನ ಎಂಜಲು ಬೇಕಿತ್ತು, ನನ್ನ ವಿಷಯ ಬೇಡ್ವಾ?"

ನಬೀಲ್ ತೈಬನ ಮುಖ ನೋಡಿದ. ವಿಜ್ಞಾನ ಇರುವುದು ಊರ ಜಗಳಕ್ಕಲ್ಲ ಎಂದು ಗೊಣಗಿದ. ಅವಳು ಕೂರಲಿಲ್ಲ. ಕೊನೆಗೆ ನೆಲ ನೋಡುತ್ತ ಎಲ್ಲವನ್ನೂ ಹೇಳಿದ.

ತೈಬ್ ಗಡ್ಡ ನೀವಿಕೊಂಡ. "ಎಲ್ಲಾರೂ ಹಂಗೇನಾ ಡಾಕ್ಟ್ರೇ? ಇವಳ ಗಂಡ ಬೆಲೈದಂದು?"

ಬೆಲೈದನ ಕಡೆಯವರು ಮರಳುಗಾಡಿನ ದಕ್ಷಿಣದವರು, ಇತ್ತೀಚಿನ ಶತಮಾನಗಳಲ್ಲಿ ಬಂದಂತಿದೆ ಎಂದು ನಬೀಲ್ ಒಪ್ಪಿಕೊಂಡ.

"ನೋಡಿದ್ಯಾ," ಎಂದ ತೈಬ್. "ನಿನ್ನ ತೌರಿನೋರಿಗೆ ಬೇಕಾದ್ರೆ ಪಂಚಾಯ್ತಿಲಿ ಒಂದು ಜಾಗ ಕೊಡೋಣ. ಕೊಂಡು ತಂದೋರು ಸುಮ್ನಿರ್ಲಿ."

ಬೆಲೈದ್ ತಲೆ ತಗ್ಗಿಸಿದ. ಅದನ್ನು ಕಂಡು, ಇಷ್ಟು ವರ್ಷ ಮಬರ್ಕಾ ತಡೆದಿಟ್ಟದ್ದೆಲ್ಲ ಕಿತ್ತುಕೊಂಡು ಬಂತು.

"ಇವರ ಮುತ್ತಜ್ಜೀನ ಹಗ್ಗ ಕಟ್ಟಿ ಎಳ್ಕೊಂಡ್ ಬಂದ್ರು. ನಾಚ್ಕೆ ಆಗ್ಬೇಕಾದ್ದು ಕಟ್ಟಿಸ್ಕೊಂಡೋಳಿಗಾ, ಕಟ್ಟಿದೋರಿಗಾ? ಆಯಮ್ಮ ತೋಡಿದ ಕಾಲುವೇಲೇ ನಿಮ್ಮ ನೀರು ಹರೀತಿರೋದು. ನಮಗೂ ಬಾಯಾರುತ್ತೆ ಅನ್ನೋದಕ್ಕೆ ಉಗುಳಿ ತೋರಿಸ್ಬೇಕಾ ನಾವು?"

ಗಂಡನ ಕೈ ಹಿಡಿದು ಹೊರಟಳು. ಹರಾತೀನರೆಲ್ಲ ಹಿಂದೆಯೇ ಎದ್ದರು.

ಮರುದಿನದಿಂದ ಅವರಾರೂ ತೈಬನ ಕಡೆಯವರ ಮರ ಹತ್ತಲಿಲ್ಲ. ಹಣ್ಣು ಕಳಿತು ಉದುರಿ ಕಣಜದ ಹುಳುಗಳ ಪಾಲಾಯಿತು. ತೈಬನ ಮಗ ಹತ್ತಲು ಹೋಗಿ ಅರ್ಧಕ್ಕೇ ಇಳಿದ. ಕಾಲುವೆಯಲ್ಲಿ ಹೂಳು ತುಂಬಿತು. ಕೊನೆಗೆ ತೈಬನ ತಮ್ಮನೇ ಬಂದು, ಮಬರ್ಕಾಳ ತವರಿನಿಂದ ಒಬ್ಬರನ್ನು ಪಂಚಾಯಿತಿಗೆ ಕಳಿಸಿ ಎಂದ. ಹರಾತೀನರು ಬೆಲೈದನನ್ನೇ ಕಳಿಸಿದರು. ತೈಬ್ ಮುಖ ತಿರುಗಿಸಿಕೊಂಡ. ಆದರೂ ಸರಿದು ಜಾಗ ಬಿಟ್ಟ.

ನಬೀಲ್ ಕ್ಷಮೆ ಕೇಳಲು ಫೋನ್ ಮಾಡುತ್ತಲೇ ಇದ್ದ. ಮಬರ್ಕಾ ಎತ್ತಲಿಲ್ಲ. ಸರದಿಯ ನೀರು ತಮ್ಮ ತೋಟಕ್ಕೆ ಬಂದ ದಿನವೂ ಅವಳ ಸಿಟ್ಟು ಇಳಿದಿರಲಿಲ್ಲ. ಹಲ್ಲು ಕಿರಿಯುತ್ತ ನಿಂತಿದ್ದ ಬೆಲೈದನ ಮೇಲೆ ರೇಗಿ, ಬಾರ್ಲಿಯ ಪಾತಿಗೆ ಮಣ್ಣು ಎಳೆಯಲು ಹಚ್ಚಿದಳು.