ಎರಡು ಬಟ್ಟಲು ಹಾಲು

ಈ ಕಥೆಯನ್ನು ಮೊದಲು ಹೇಳಿದವರು ಅಮೆರಿಕದ ಮಿಸೌರಿ ಸಿಟಿಯ ಅನುಸೂಯಾ ಆಂಟಿ. ೨೦೦೪ರ ನವೆಂಬರಿನ ಒಂದು ಭಾನುವಾರ, ಇರ್ವಿಂಗಿನ ಭಾಸ್ಕರ ಅವರ ಮನೆಯಲ್ಲಿ, ಊಟವಾದ ಮೇಲೆ. ನಡೆದದ್ದು ಅದಕ್ಕೂ ಮೂರು ವರ್ಷ ಹಿಂದೆ, ಆಂಟಿ ಲೂಯಿಸ್‌ವಿಲ್‌ನಲ್ಲಿದ್ದಾಗ, ಪಕ್ಕದ ಅಪಾರ್ಟ್‌ಮೆಂಟಿನಲ್ಲಿ.

ಅಲ್ಲಿ ಮೈಸೂರಿನ ಕುಮುದಾ ಎಂಬಾಕೆಯಿದ್ದಳು. ಮೂರು ವರ್ಷದ ಮಗಳು ಸಿಂಚನಾಳಿಗೆ ತಿಂದದ್ದು ದಕ್ಕುತ್ತಿರಲಿಲ್ಲ; ಹೊಟ್ಟೆ ಕೆಟ್ಟು ತಿಂಗಳುಗಳೇ ಆಗಿದ್ದವು. ಕುಮುದಾಳ ಕಣ್ಣಿಗೆ ಎಲ್ಲೆಲ್ಲೂ ಕ್ರಿಮಿಗಳೇ ಕಾಣತೊಡಗಿದವು. ಕೈಗೆ, ಪಾತ್ರೆಗೆ, ಆಟಿಕೆಗೆ, ಕೊನೆಗೆ ಹಲ್ಲಿಗೂ ಕ್ರಿಮಿನಾಶಕವೆಂದು ಬರೆದ ಸೋಪು, ಪೇಸ್ಟುಗಳನ್ನೇ ಕೊಂಡು ತಂದಳು. ಧಾರವಾಡದಿಂದ ಬಂದ ಅತ್ತೆ ತುಂಗಾಬಾಯಿ ಮೊಮ್ಮಗಳಿಗೆ ಮೊಸರನ್ನದ ಕೈತುತ್ತು ಹಾಕತೊಡಗಿದಾಗ, ಅವಳ ಅನುಮಾನಕ್ಕೊಂದು ವಿಳಾಸವೂ ಸಿಕ್ಕಿತು.

“ಅತ್ತೆ, ಕೈ ತೊಳ್ಕೊಂಡ್ರಾ? ಆ ಕಿತ್ತಳೆ ಸೋಪಲ್ಲಿ?”

“ಎರಡು ಸಲ ಆತವಾ. ಮೂರನೇ ಸಲ ತೊಳದ್ರ ಅಂಗೈ ಗೆರೀನೂ ಅಳಿಸಿ ಹೋಗ್ತಾವ.”

“ತಮಾಷೆ ಬೇಡಿ. ನಿಮ್ಮ ಕೈಯಿಂದಾನೇ ಮಗೂಗೆ ಹೀಗಾಗ್ತಿರೋದು.”

ಅಂದಿನಿಂದ ತುಂಗಾಬಾಯಿ ಮಗುವಿನ ಕೈಗೆ ಚಮಚ ಕೊಟ್ಟು ದೂರ ಕುಳಿತರು. ಅವರ ಬೆರಳ ತುದಿಗಳು ಬಿರಿದಿದ್ದವು.

ಆ ವಾರ ಮೂರು ಬಾರಿ ಹಾಲು ಹೆಪ್ಪುಗಟ್ಟಲಿಲ್ಲ. “ನೀವು ಹಾಕಿದ ಹೆಪ್ಪೇ ಸರಿಯಿಲ್ಲ,” ಎಂದಳು ಕುಮುದಾ. ಅತ್ತೆ ವಾದಿಸದೆ ಅನುಸೂಯಾ ಆಂಟಿಯಿಂದ ಹೆಪ್ಪು ತಂದು, ಎರಡು ಬಟ್ಟಲು ಹಾಲಿಗೆ ಹಾಕಿದರು. ಒಂದು ಕುಮುದಾ ತೊಳೆದ ಬಟ್ಟಲು, ಸೋಪಿನ ವಾಸನೆ ಇನ್ನೂ ಹೋಗಿರಲಿಲ್ಲ. ಇನ್ನೊಂದನ್ನು ಅತ್ತೆಯೇ ಹುಣಸೆಹಣ್ಣಿನಿಂದ ತಿಕ್ಕಿ, ಬಿಸಿನೀರಿನಲ್ಲಿ ತೊಳೆದಿದ್ದರು.

ಬೆಳಿಗ್ಗೆ ಅತ್ತೆಯ ಬಟ್ಟಲಲ್ಲಿ ಮೊಸರು ಗಟ್ಟಿಯಾಗಿ ಕುಳಿತಿತ್ತು. ಕುಮುದಾಳದರಲ್ಲಿ ಹಾಲು ಹಾಲಾಗಿಯೇ ಇತ್ತು.

“ಹೆಪ್ಪಿನಾಗೂ ಜೀವ ಇರ್ತದವಾ,” ಎಂದರು ತುಂಗಾಬಾಯಿ, ಅಷ್ಟೇ.

ಬಚ್ಚಲಲ್ಲಿ ಸಿಂಚನಾ ಹಲ್ಲುಜ್ಜುತ್ತ, ಎಂದಿನಂತೆ ಆ ಕ್ರಿಮಿನಾಶಕ ಪೇಸ್ಟಿನ ನೊರೆಯನ್ನು ನುಂಗುತ್ತಿದ್ದಳು. ಕುಮುದಾ ಕೈಲಿದ್ದ ಹಾಲಿನ ಬಟ್ಟಲನ್ನು ಅಲ್ಲೇ ಇಟ್ಟಳು. ಓಡಿ ಹೋಗಿ ಬ್ರಷ್ ಕಸಿದುಕೊಂಡಳು.

“ಆ ಪೇಸ್ಟೇ ಕಾರಣ ಅಂತ ಖಚಿತವಾಗಿ ಹೇಳೋಕಾಗಲ್ಲ,” ಎಂದರು ಮಗುವನ್ನು ನೋಡಿದ ವೈದ್ಯರು. “ಆದ್ರೆ ಹೊಟ್ಟೇಲಿ ಬೇಕಾದ ಜೀವಿಗಳೂ ಇರ್ತವೆ. ಆ ಕ್ರಿಮಿನಾಶಕಗಳನ್ನೆಲ್ಲಾ ನಿಲ್ಲಿಸಿ ನೋಡಿ.” ಮಗು ಮೆಲ್ಲಗೆ ಚೇತರಿಸಿಕೊಂಡಿತು.

ಅತ್ತೆ ಊರಿಗೆ ಹೊರಟ ದಿನ, ಏರ್‌ಪೋರ್ಟಿನಲ್ಲಿ, ಕುಮುದಾ ಕಾಲಿಗೆರಗಿದಳು. ತಪ್ಪಾಯಿತು ಎನ್ನಬೇಕೆಂದಿದ್ದಳು. ತಲೆಯ ಮೇಲಿಟ್ಟ ಆ ಕೈಯ ಬಿರುಕಿಗೆ ಅವಳ ಕೂದಲೆಳೆಯೊಂದು ಸಿಕ್ಕಿಕೊಂಡಿತು. ಅತ್ತೆ ಮೆಲ್ಲನೆ ಬಿಡಿಸಿಕೊಂಡರು. “ತಲುಪಿದ್ಮೇಲೆ ಫೋನ್ ಮಾಡಿ,” ಎಂದಷ್ಟೇ ಹೇಳಿದಳು ಕುಮುದಾ.

“ಆಮೇಲಾದ್ರೂ ಕ್ಷಮೆ ಕೇಳಿದ್ರಾ ಆಂಟಿ?” ಎಂದಳು ಭಾಸ್ಕರ ಅವರ ಮನೆಯಲ್ಲಿ ಕಥೆ ಕೇಳುತ್ತ ಕುಳಿತಿದ್ದ ಹರ್ಷಿಣಿ.

“ಪ್ರತಿ ವಾರ ಅತ್ತೆಗೆ ಫೋನ್ ಮಾಡ್ತಾಳೆ. ಮಗು ಏನು ತಿಂತು ಅಂತ ಹೇಳ್ತಾಳೆ. ಆ ಮಾತು ಮಾತ್ರ ಬಾಯಿಗೆ ಬರಲ್ಲವಂತೆ.”

ಊಟಕ್ಕೆ ಬಂದವರು ಒಬ್ಬೊಬ್ಬರಾಗಿ ಎದ್ದು, ಚಪ್ಪಲಿ ಹುಡುಕಿಕೊಂಡು, ಕಾರುಗಳತ್ತ ನಡೆದರು.