ಅರವತ್ತಮೂರನೇ ಪುಟ

ನನ್ನಂಥ ಹೇಡಿ ಬ್ರಿಸ್ಬೇನ್ ಯೂನಿವರ್ಸಿಟಿಯ ಸೇಂಟ್ ಲೂಸಿಯಾ ಕ್ಯಾಂಪಸ್ಸಲ್ಲಿ ಇನ್ನೊಬ್ಬಳಿಲ್ಲ, ಮೊದಲೇ ಹೇಳಿಬಿಡ್ತೀನಿ. ನನ್ನ ಪಿಎಚ್‌ಡಿ ಗೈಡ್ ಬೆರ್ತ್ರಾನ್ ಓಬ್ರಿ, ಫ್ರಾನ್ಸಿನಿಂದ ಬಂದು ಮೂವತ್ತು ವರ್ಷ ಇಲ್ಲೇ ಗಣಿತ ಕಲಿಸಿದವರು. ಇಪ್ಪತ್ತೆರಡು ವರ್ಷ ಒಂದೇ ಪ್ರಮೇಯದ ಬೆನ್ನು ಬಿದ್ದಿದ್ರು. ಹೆಂಡತಿ ಬಿಟ್ಟುಹೋದಾಗಲೂ ತಲೆ ಎತ್ತಲಿಲ್ಲವಂತೆ, ಪುಣ್ಯಾತ್ಮ. ಕೊನೆಗೂ ಇನ್ನೂರು ಪುಟದ ಪ್ರೂಫ್ ಆಯ್ತು. ಜರ್ನಲ್‌ಗೆ ಕಳಿಸೋ ಮೊದಲು, "ಒಂದೊಂದು ಸಾಲೂ ನೋಡು, ತಪ್ಪಿದ್ರೆ ಮುಲಾಜಿಲ್ಲದೆ ಹೇಳು" ಅಂತ ನನ್ನ ಕೈಗಿಟ್ರು.

ಅರವತ್ತಮೂರನೇ ಪುಟದಲ್ಲಿ ತಪ್ಪು ಸಿಕ್ತು. ಸಾಧಿಸಿ ತೋರಿಸಲೇಬೇಕಿದ್ದ ಒಂದು ಸಂದರ್ಭ ಬಿಟ್ಟೇ ಹೋಗಿತ್ತು. ಆ ಪುಟ ಕುಸಿದ್ರೆ ಮುಂದಿನದ್ದೆಲ್ಲ ಕುಸಿಯುತ್ತೆ. ಮೂರು ದಿನ ತಿರುಗಿಸಿ ಮುರುಗಿಸಿ ನೋಡಿದೆ, ತಪ್ಪೇ. ತಾರೀಖು ಹಾಕಿ ನೋಟ್‌ಬುಕ್ಕಲ್ಲಿ ಬರೆದೂ ಇಟ್ಟೆ. ಹೇಳಿದ್ನಾ? ಎಲ್ಲಿ ಬಂತು! ಮೈಸೂರಲ್ಲಿ ಮೇಷ್ಟ್ರ ಮುಂದೆ ಕೈಕಟ್ಟಿ ನಿಂತು ಬೆಳೆದ ಜೀವ. ಇಂಥಾ ಮಹಾನುಭಾವರಿಗೆ ಕಾಣದ್ದು ನನಗೆ ಕಾಣುತ್ತಾ, ನನ್ನದೇ ಏನೋ ಎಡವಟ್ಟು ಅಂದ್ಕೊಂಡೆ. "ಎಲ್ಲಾ ಸರಿ ಇದೆ ಸರ್" ಅಂದುಬಿಟ್ಟೆ. ಬೆರ್ತ್ರಾನ್ ಅಂತ ಕರಿ ಅಂತ ನಾಲ್ಕು ವರ್ಷದಿಂದ ಹೇಳ್ತಿದ್ರು. ಅದೂ ನನ್ನ ಕೈಲಾಗಿರಲಿಲ್ಲ.

ಆಗಸ್ಟ್‌ನಲ್ಲಿ ಅವರಿಗೆ ಸ್ಟ್ರೋಕ್ ಆಯ್ತು. ಬಲಗೈ ಹೋಯ್ತು, ಲೆಕ್ಕವೂ ಹೋಯ್ತು. ಏಳಕ್ಕೆ ಐದು ಕೂಡಿಸೋಕೂ ಒದ್ದಾಡ್ತಾರೆ ಅಂತ ಮಗಳು ಕ್ಲೇರ್ ಫೋನಲ್ಲಿ ಅತ್ತಳು. ಅಡಿಲೇಡ್‌ನ ತನ್ನ ಮನೆಗೆ ಕರ್ಕೊಂಡು ಹೋದಳು. ನವೆಂಬರ್‌ನಲ್ಲಿ ಜರ್ನಲ್‌ನವರ ಪತ್ರ ಬಂತು: ಅರವತ್ತಮೂರನೇ ಪುಟ ನಿಲ್ಲೋದಿಲ್ಲ, ಪ್ರಕಟಿಸೋಕಾಗಲ್ಲ.

ಸರಿಮಾಡೋಕೆ ನಾನು ಹೆಣಗಾಡಿ ಸೋತೆ. ಅವರಿಗೇ ಏನಾದ್ರೂ ಹೊಳೀಬಹುದು ಅನ್ನೋ ಹುಚ್ಚು ಆಸೆಯಿಂದ ನೋಟ್‌ಬುಕ್ ಹಿಡ್ಕೊಂಡು ಅಡಿಲೇಡ್ ವಿಮಾನ ಹತ್ತಿದೆ.

ಹಿತ್ತಲಲ್ಲಿ ಕುರ್ಚಿ ಹಾಕಿಸ್ಕೊಂಡು ಕೂತಿದ್ರು. ತಪ್ಪು ಬರೆದಿಟ್ಟಿದ್ದ ಹಾಳೆ ತೆಗೆದು ತೊಡೆ ಮೇಲಿಟ್ಟೆ. ಎಡಗೈ ಬೆರಳು ಸಾಲಿಂದ ಸಾಲಿಗೆ ನಿಧಾನ ಇಳೀತು.

"ಇದಕ್ಕೆ... ದಾರಿ ಇದೆ," ಅಂದ್ರು. ನಾನು ಪೆನ್ನು ತೆಗೆದೆ.

"ಹೇಳಿ ಸರ್."

ಬಾಯಿ ತೆರೆದ್ರು. ಹಣೆ ಗಂಟಾಯ್ತು. ಏನೂ ಬರಲಿಲ್ಲ. ಬೆರಳು ಹಾಳೆಯ ಮೇಲ್ತುದಿಗೆ ಹೋಗಿ, ನಾನೇ ಬರೆದಿದ್ದ ತಾರೀಖಿನ ಮೇಲೆ ನಿಂತಿತು. ಅಯ್ಯೋ ದೇವರೇ, ಅದನ್ನ ಹರಿದುಹಾಕಿ ಬರಬಾರದಿತ್ತಾ ನಾನು!

"ಫೆಬ್ರವರಿ," ಅಂತ ಓದಿದ್ರು. ಆಮೇಲೆ ನನ್ನ ಮುಖ ನೋಡಿದ್ರು. "ಆಗ ನನಗೆ ಬರ್ತಿತ್ತು, ಚೈತನ್ಯಾ."

ಬೈದಿದ್ರೆ ಕಾಲಿಗೆ ಬೀಳ್ತಿದ್ದೆ. ಬೈಯಲಿಲ್ಲ. ದಾರಿ ಹುಡುಕ್ತಾ ಮತ್ತೆ ಮೊದಲನೇ ಸಾಲಿನ ಮೇಲೆ ಬೆರಳಿಟ್ರು.